ಸರ್ವರ್ ತುಂಬ್ಯಾದ, ಯಾವ ಮೇಲ್ ತೆಗೀಬೇಕು?

ಇವತ್ತಿನ ಕಂತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಆಫೀಸಿನ ಮೂಲೆಯಲ್ಲಿ ಕೂತಿರೋ ಹಳೇ ಮೇಲ್ ಸರ್ವರ್, ಅದರೊಳಗೆ ಜಾಗ ಮುಗಿಯೋದು, ಆಮೇಲೆ ಯಾವ ಮೇಲ್ ಇಟ್ಕೋಬೇಕು, ಯಾವುದು ತೆಗೀಬೇಕು ಅನ್ನೋದು. ಆದ್ರೆ ನಮ್ಮ ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತ್ ಅಂಗಡಿ, ದಾಲ್ ಮಿಲ್ ಆಫೀಸು ನಡೆಸೋರಿಗೆ ಇದು ನಗೋ ವಿಷಯ ಅಲ್ರಿ. ಇದು ನೇರವಾಗಿ ಲೆಕ್ಕದ ವಿಷಯ. ನಾನು ಕಾಮರ್ಸ್ ಓದಿದವನು, ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಹಾಗಾಗಿ ಲೆಕ್ಕದ ಕಡೆಯಿಂದಲೇ ಹೇಳ್ತೀನಿ.

ಮೊದಲು ಈ ಸರ್ವರ್‌ಗಳು ಗಂಜ್‌ಗೆ ಯಾಕೆ ಬಂದವು ಅಂತ ನೋಡೋಣ. ಹತ್ತು ಹನ್ನೆರಡು ವರ್ಷದ ಹಿಂದೆ ನೆಟ್ ನಿಧಾನ, ಬಾಡಿಗೆ ಮೇಲ್ ಅಂದ್ರೆ ಪ್ರತಿ ಹೆಸರಿಗೂ ತಿಂಗಳ ಖರ್ಚು. ಚೆನ್ನೈ, ಮುಂಬೈ ಕಡೆಯ ಖರೀದಿದಾರರು ಕಂಪನಿ ಹೆಸರಿನ ಮೇಲ್ ವಿಳಾಸ ಕೇಳ್ತಿದ್ರು. ಆಗ ಒಂದು ಡಬ್ಬಿ ತಂದು ಲಿನಕ್ಸ್ ಹಾಕಿ, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಅಂತ ಎರಡು ಉಚಿತ ಸಾಫ್ಟ್‌ವೇರ್ ಕೂಡಿಸಿ ಕೊಟ್ಟವರು ಇದ್ರು. ಪೋಸ್ಟ್‌ಫಿಕ್ಸ್ ಕೆಲಸ ಮೇಲ್ ಒಯ್ಯೋದು, ತರೋದು. ಡವ್‌ಕಾಟ್ ಕೆಲಸ ಪೆಟ್ಟಿಗೆಯಲ್ಲಿ ಜೋಡಿಸಿ ನಮಗೆ ತೋರಿಸೋದು. ಒಮ್ಮೆ ಹಚ್ಚಿದ ಮೇಲೆ ಅವು ವರ್ಷಗಟ್ಟಲೆ ಸುಮ್ಮನೆ ಓಡ್ತವೆ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಗುಲ್ಬರ್ಗದಿಂದ ಕಲಬುರಗಿ ಆಯ್ತು, ಬೋರ್ಡು ಬದಲಾದವು. ಆದ್ರೆ ಕೆಲವರ ಮೇಲ್ ವಿಳಾಸದಲ್ಲಿ ಇವತ್ತಿಗೂ ಗುಲ್ಬರ್ಗ ಅಂತಲೇ ಅದೆ. ಸರ್ವರ್ ಎಷ್ಟು ಹಳೇದು ಅಂತ ಅದರಿಂದಲೇ ತಿಳೀತದೆ.

ಈಗ ಡಿಸ್ಕ್ ತುಂಬಿದ್ರೆ ಏನಾಗ್ತದೆ? ಸದ್ದಾಗಲ್ಲ, ಹೊಗೆ ಬರಲ್ಲ. ನೆಟ್ ನಡೀತಿರ್ತದೆ, ವಾಟ್ಸಾಪ್ ಬರ್ತಿರ್ತದೆ, ಮೇಲ್ ಮಾತ್ರ ಬರೋದು ನಿಲ್ತದೆ. ಕಳಿಸಿದವರ ಸರ್ವರ್‌ಗೆ ನಮ್ಮ ಸರ್ವರ್ 452 ಅನ್ನೋ ಉತ್ತರ ಕೊಡ್ತದೆ. ನಾಲ್ಕರಿಂದ ಶುರುವಾಗೋ ಉತ್ತರ ಅಂದ್ರೆ 'ಈಗ ಜಾಗ ಇಲ್ಲ, ಆಮೇಲೆ ಬಾ' ಅಂತ. ಅವರ ಸರ್ವರ್ ಆ ಮೇಲನ್ನ ಹಿಡ್ಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡ್ತದೆ. ಎಷ್ಟು ದಿನ? ಪೋಸ್ಟ್‌ಫಿಕ್ಸ್ ಆಗಿದ್ರೆ, ಯಾರೂ ಬದಲಿಸದಿದ್ರೆ 5 ದಿನ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಆಗಿದ್ರೆ ಸಾಮಾನ್ಯವಾಗಿ 2 ದಿನ. ಆಮೇಲೆ ಮೇಲ್ ಕಳಿಸಿದವರಿಗೇ ವಾಪಸ್. ಇನ್ನು ಡಿಸ್ಕ್ ತುಂಬದೆ ಒಬ್ಬರ ಪೆಟ್ಟಿಗೆಯ ಮಿತಿ ಮಾತ್ರ ಮೀರಿದ್ರೆ ಅನೇಕ ಸಲ 552 ಹೋಗ್ತದೆ. ಐದರಿಂದ ಶುರುವಾದ್ರೆ ಅದು ಕೊನೆಯ ಮಾತು, ಆ ಕ್ಷಣವೇ ವಾಪಸ್. ಅಂದ್ರೆ ಶನಿವಾರ ಮಧ್ಯಾಹ್ನ ತುಂಬಿದ ಡಿಸ್ಕನ್ನ ಸೋಮವಾರ ನೋಡಿದ್ರೆ ಹೆಚ್ಚಿನವು ಉಳೀತವೆ, ಮುಂದಿನ ಶನಿವಾರ ನೋಡಿದ್ರೆ ಉಳಿಯಲ್ಲ.

ವಾಪಸ್ ಹೋದ್ರೆ ಹೋಗ್ಲಿ, ಫೋನ್ ಅದೆಯಲ್ಲ ಅಂತೀರಾ? ಒಂದು ಮಾತು ಹೇಳ್ತೀನಿ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169 ನೋಟಿಸ್ ಹೇಗೆ ಮುಟ್ಟಿಸಬೇಕು ಅಂತ ಹೇಳ್ತದೆ. ನೋಂದಣಿ ಮಾಡಿಸೋವಾಗ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸೋದು ಅದರಲ್ಲಿ ಒಂದು ಅಧಿಕೃತ ದಾರಿ. ಪೋರ್ಟಲ್‌ನಲ್ಲಿ ಹಾಕೋದು ಇನ್ನೊಂದು. ಗಂಜ್‌ನಲ್ಲಿ ಎಷ್ಟು ಜನ ದಿನಾ ಪೋರ್ಟಲ್ ತೆರೆದು ನೋಡ್ತಾರೆ ಹೇಳ್ರಿ? ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೊಸ ತೊಗರಿ ಬರೋ ಕಾಲ. ಹಮಾಲರು, ಲಾರಿ, ತೂಕ, ಟೆಂಡರು, ಅದರೊಳಗೆ ಯಾರಿಗೂ ಕೈ ಖಾಲಿ ಇರಲ್ಲ. ಅದೇ ಹೊತ್ತಿಗೆ ಮೇಲ್‌ಗಳೂ ಹೆಚ್ಚು, ಡಿಸ್ಕ್ ತುಂಬೋದೂ ಅದೇ ಹೊತ್ತಿಗೆ.

ಒಂದು ಉದಾಹರಣೆ ಹೇಳ್ತೀನಿ. ಹೆಸರು ಬೇಡ. ನಾನು ಕೆಲವು ದಿನ ಲೆಕ್ಕದ ಕೆಲಸಕ್ಕೆ ಹೋಗ್ತಿದ್ದ ಒಂದು ದಾಲ್ ಮಿಲ್ ಆಫೀಸು. 500 ಜಿಬಿ ಡಿಸ್ಕು, ಹನ್ನೆರಡು ಪೆಟ್ಟಿಗೆ. ಜನವರಿಯಲ್ಲಿ ಒಂದು ದಿನ ಮೇಲ್ ನಿಂತಿತು. ಸರ್ವರ್ ನೋಡ್ಕೊಳ್ಳೋ ಹುಡುಗ ಬಂದ. ಅವನು ಚುರುಕಿನವನೇ. ಹತ್ತು ನಿಮಿಷದಲ್ಲಿ ಹೇಳಿದ: "ಎರಡು ವರ್ಷಕ್ಕಿಂತ ಹಳೇವು, 5 ಎಂಬಿಗಿಂತ ದೊಡ್ಡ ಫೈಲ್ ಇರೋವು, ಎಲ್ಲಾ ತಗದ್ರ ಸಂಜಿಯೊಳಗ ಸರಿ ಆಗ್ತದ." ಕೇಳೋಕೆ ಸರಿಯಾಗೇ ಇತ್ತು. ಸಾವ್ಕಾರ್ರೂ ಹೂಂ ಅಂದ್ರು.

ಅಲ್ಲಿ ಮುನೀಮರು ಒಬ್ಬರು, ಅರವತ್ತು ದಾಟಿದವರು. ಅವರು ಕೇಳಿದ್ರು: "ತಮ್ಮಾ, ತಗಿಯೋಕಿಂತ ಮೊದಲ ಅವು ಯಾರ ಕಡಿಂದ ಬಂದಾವ ಅಂತ ಒಂದು ಪಟ್ಟಿ ಕೊಡು." ಹುಡುಗ ಪಟ್ಟಿ ತೆಗೆದ. ಎಲ್ಲಕ್ಕಿಂತ ಮೇಲೆ ಇದ್ದದ್ದು ಚೀಲ ಪ್ರಿಂಟ್ ಮಾಡೋರ ವಿಳಾಸ. ಚೀಲದ ಮೇಲಿನ ಡಿಸೈನ್ ಫೈಲ್‌ಗಳು, ಒಂದೊಂದೂ ಭಾರೀ ಗಾತ್ರದ್ದು. ಹುಡುಗನಿಗೆ ಅದು ಹಳೇ ಚಿತ್ರ. ಮುನೀಮರು ಕನ್ನಡಕ ಏರಿಸಿ ನೋಡಿ, "ಇದನ್ನ ಮುಟ್ಟಬ್ಯಾಡ" ಅಂದ್ರು.

ಯಾಕೆ ಅಂತ ತಿಳಿಯೋಕೆ ಸ್ವಲ್ಪ ಜಿಎಸ್‌ಟಿ ಹೇಳ್ಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ಬೇಳೆಗೆ ತೆರಿಗೆ ಬೀಳ್ತದೋ ಇಲ್ಲವೋ ಅನ್ನೋದು ಬ್ರ್ಯಾಂಡಿನ ಮೇಲೆ ನಿಂತಿತ್ತು. ಬ್ರ್ಯಾಂಡ್ ಇಲ್ಲದ ಬೇಳೆಗೆ ತೆರಿಗೆ ಇಲ್ಲ, ನೋಂದಾಯಿಸಿದ ಬ್ರ್ಯಾಂಡಿನ ಪ್ಯಾಕೆಟ್‌ಗೆ 5 ಪರ್ಸೆಂಟ್. 2022ರ ಜುಲೈ 18ರಿಂದ ನಿಯಮ ಬದಲಾಯ್ತು. ಬ್ರ್ಯಾಂಡ್ ಇರಲಿ ಬಿಡಲಿ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ, 25 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ ಚೀಲಕ್ಕೆ 5 ಪರ್ಸೆಂಟ್. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಈಗ ಯೋಚನೆ ಮಾಡ್ರಿ. ನಾಲ್ಕು ವರ್ಷ ಬಿಟ್ಟು ಅಧಿಕಾರಿ ಕೇಳ್ತಾರೆ: ಆ ವರ್ಷ ನೀವು ಮಾರಿದ ಚೀಲದ ಮೇಲೆ ಏನು ಪ್ರಿಂಟ್ ಇತ್ತು, ಎಷ್ಟು ಕಿಲೋದ್ದು? ಚೀಲ ಯಾವಾಗಲೋ ಹರಿದು ಹೋಗಿರ್ತದೆ. ಬಿಲ್ಲಿನಲ್ಲಿ 'ತೊಗರಿ ಬೇಳೆ' ಅಂತ ಮಾತ್ರ ಇರ್ತದೆ. ತಾರೀಖಿನ ಸಮೇತ ಉತ್ತರ ಕೊಡೋದು ಆ ಡಿಸೈನ್ ಮೇಲ್ ಒಂದೇ.

ಅಂದ್ರೆ ಡಿಸ್ಕಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಸ, ತೆರಿಗೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆ. ಇವತ್ತು ನಾನು ಹೇಳ್ಬೇಕಾಗಿರೋ ಮುಖ್ಯ ಮಾತು ಇದೇ. ಗಾತ್ರ ನೋಡಿ, ವಯಸ್ಸು ನೋಡಿ ಮೇಲ್ ತೆಗೀಬ್ಯಾಡ್ರಿ. ಗಾತ್ರ, ವಯಸ್ಸು ಎರಡೂ ಯಂತ್ರಕ್ಕೆ ಕಾಣ್ತವೆ. ಅದು ಯಾವ ವ್ಯವಹಾರದ ಮೇಲ್ ಅನ್ನೋದು ಯಂತ್ರಕ್ಕೆ ಕಾಣಲ್ಲ, ಮುನೀಮರಿಗೆ ಕಾಣ್ತದೆ.

ಹಾಗಾದ್ರೆ ಆ ಆಫೀಸಿನಲ್ಲಿ ಜಾಗ ಎಲ್ಲಿಂದ ಬಂತು? ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ಹಳೇ ಸರ್ವರ್ ಇರೋ ಎಲ್ಲಾ ಕಡೆ ಇವೇ ಸಿಗ್ತವೆ.

ಮೊದಲ ನೋಟ: ಯಾವ ಭಾಗ ತುಂಬ್ಯಾದ? ಲಿನಕ್ಸ್‌ನಲ್ಲಿ 'ಡಿಎಫ್ ಮೈನಸ್ ಎಚ್' ಅಂತ ಕೊಟ್ರೆ ಭಾಗವಾರು ಜಾಗ ತೋರಿಸ್ತದೆ. ಅದರ ಜೊತೆಗೇ 'ಡಿಎಫ್ ಮೈನಸ್ ಐ' ಅಂತಲೂ ನೋಡಬೇಕು. ಇದನ್ನ ಬಹಳ ಜನ ಮರೀತಾರೆ. ಮೇಲ್‌ಡಿರ್ ಅನ್ನೋ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲು. ಪ್ರತಿ ಫೈಲಿಗೂ ಐನೋಡ್ ಅಂತ ಒಂದು ನಂಬರ್ ಬೇಕು, ಆ ನಂಬರ್‌ಗಳ ಸಂಖ್ಯೆ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನವೇ ನಿಗದಿ ಆಗಿರ್ತದೆ. ಗೋದಾಮಿನಲ್ಲಿ ಜಾಗ ಅದೆ, ಚೀಲಕ್ಕೆ ಕಟ್ಟೋ ಚೀಟಿ ಮುಗಿದಿದೆ ಅಂದ ಹಾಗೆ. ಆಗ ದೊಡ್ಡ ಫೈಲ್ ತೆಗೆದು ಏನೂ ಉಪಯೋಗ ಇಲ್ಲ, ಸಣ್ಣ ಸಣ್ಣ ಸಾವಿರಾರು ಮೇಲ್ ಎಲ್ಲಿ ಬಿದ್ದಿವೆ ಅಂತ ಹುಡುಕಬೇಕು.

ಎರಡನೇದು, ಸರ್ವರ್ ತನಗೆ ತಾನೇ ಬರ್ಕೊಳ್ಳೋ ಮೇಲ್. ರಾತ್ರಿ ಬ್ಯಾಕಪ್ ಆಯ್ತು, ಆಗಲಿಲ್ಲ ಅಂತ ಪ್ರತಿ ದಿನ ರೂಟ್ ಅನ್ನೋ ಖಾತೆಗೆ ಅದು ಮೇಲ್ ಹಾಕ್ತಿರ್ತದೆ. ಆ ಪೆಟ್ಟಿಗೆ ವರ್ಷಗಟ್ಟಲೆ ಯಾರೂ ತೆರೆದಿರಲ್ಲ. ತೆಗೆಯೋ ಮುಂಚೆ ಕೊನೆಯ ಕೆಲವನ್ನ ಓದ್ರಿ. ಬ್ಯಾಕಪ್ ಯಾವಾಗ ನಿಂತಿದೆ ಅಂತ ಅಲ್ಲೇ ಗೊತ್ತಾಗ್ತದೆ.

ಮೂರನೇದು, ಕಸದ ಬುಟ್ಟಿ. ಐಮ್ಯಾಪ್ ಪದ್ಧತಿಯಲ್ಲಿ ಡಿಲೀಟ್ ಒತ್ತಿದ್ರೆ ಮೇಲ್ ಟ್ರ್ಯಾಶ್‌ಗೆ ಹೋಗ್ತದೆ, ಇಲ್ಲಾ ಅಳಿಸಿದ್ದು ಅಂತ ಒಂದು ಗುರುತು ಬೀಳ್ತದೆ. ಫೈಲ್ ಡಿಸ್ಕ್ ಮೇಲೆ ಹಾಗೇ ಇರ್ತದೆ. 'ಎಕ್ಸ್‌ಪಂಜ್' ಆದ ಮೇಲೇ ಜಾಗ ಬಿಡುಗಡೆ. ಡವ್‌ಕಾಟ್‌ನಲ್ಲಿ ಟ್ರ್ಯಾಶ್ ಮತ್ತು ಸ್ಪ್ಯಾಮ್‌ನಲ್ಲಿ 30 ದಿನ ದಾಟಿದ್ದನ್ನ ತಾನಾಗಿ ತೆಗೆಯೋ ವ್ಯವಸ್ಥೆ ಮಾಡಬಹುದು. ಆದ್ರೆ ಮೊದಲು ಆಫೀಸಿನಲ್ಲಿ ಹೇಳ್ರಿ. ಟ್ರ್ಯಾಶ್ ಫೋಲ್ಡರನ್ನೇ ಕಪಾಟು ಮಾಡ್ಕೊಂಡವರು ಪ್ರತಿ ಆಫೀಸಿನಲ್ಲೂ ಒಬ್ಬರು ಇರ್ತಾರೆ.

ನಾಲ್ಕನೇದು ಲಾಗ್. ಸರ್ವರ್‌ನ ದಿನಚರಿ. ಅದನ್ನ ವಾರಕ್ಕೊಮ್ಮೆ ಮಡಚಿ ಕುಗ್ಗಿಸೋ ವ್ಯವಸ್ಥೆ ಕೆಟ್ಟಿದ್ರೆ ಅದೊಂದೇ ಡಿಸ್ಕ್ ತಿಂದು ಹಾಕ್ತದೆ. ಇಲ್ಲಿ ಎರಡು ಎಚ್ಚರಿಕೆ. ಒಂದು, ಸರ್ವರ್ ಬರೀತಿರೋ ಲಾಗ್ ಫೈಲನ್ನ ನೇರ ಅಳಿಸಿದ್ರೆ ಹೆಸರು ಮಾಯ ಆಗ್ತದೆ, ಜಾಗ ಸಿಗಲ್ಲ. ಆ ಪ್ರೋಗ್ರಾಮ್ ಫೈಲನ್ನ ಹಿಡ್ಕೊಂಡೇ ಇರ್ತದೆ, ಅದನ್ನ ಮತ್ತೆ ಶುರು ಮಾಡಿದ ಮೇಲೇ ಬಿಡ್ತದೆ. ಎರಡು, ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗನ್ನ 180 ದಿನ ಇಟ್ಕೋಬೇಕು. ಹಾಗಾಗಿ ಕುಗ್ಗಿಸಿ ಇಡ್ರಿ, ಒರೆಸಿ ಹಾಕ್ಬ್ಯಾಡ್ರಿ.

ಐದನೇದು, ಒಂದೇ ಫೈಲಿನ ಹಲವು ಪ್ರತಿ. ದರಪಟ್ಟಿಯ ಫೋಟೋ ಒಂದು ಮೇಲ್‌ನಲ್ಲಿ ಆಫೀಸಿನ ಆರು ಜನಕ್ಕೆ ಹೋಯ್ತು ಅಂದ್ರೆ, ಸಾಮಾನ್ಯ ಮೇಲ್‌ಡಿರ್ ಸರ್ವರ್‌ನಲ್ಲಿ ಆರು ಪ್ರತಿ. ಅದೂ ಮೂಲ ಗಾತ್ರದಲ್ಲಿ ಅಲ್ಲ. ಮೇಲ್‌ನಲ್ಲಿ ಫೈಲ್ ಹೋಗೋವಾಗ ಬೇಸ್64 ಅನ್ನೋ ಅಕ್ಷರ ರೂಪಕ್ಕೆ ತಿರುಗ್ತದೆ, ಪ್ರತಿ 3 ಬೈಟ್‌ಗೆ 4 ಅಕ್ಷರ. 9 ಎಂಬಿ ಫೋಟೋ 12 ಎಂಬಿ ದಾಟ್ತದೆ. ಆರು ಪೆಟ್ಟಿಗೆ ಅಂದ್ರೆ 72ಕ್ಕಿಂತ ಹೆಚ್ಚು. ಒಳಗಿನ ಫೋಟೋಗಳಿಗೆ ಆಫೀಸಿನಲ್ಲೇ ಒಂದು ಹಂಚಿಕೆ ಫೋಲ್ಡರ್ ಮಾಡಿದ್ರೆ ಇಷ್ಟು ಜಾಗ ಉಳೀತದೆ.

ಆರನೇದು ಬಿಟ್ಟು ಹೋದವರ ಪೆಟ್ಟಿಗೆ. ಕೆಲಸ ಬಿಟ್ಟು ನಾಲ್ಕು ವರ್ಷ ಆಗಿರ್ತದೆ, ಅವರ ಹೆಸರಿಗೆ ಜಾಹೀರಾತು ಮೇಲ್ ಬರ್ತಾನೇ ಇರ್ತವೆ. ಹೊಸ ಮೇಲ್ ಬರೋದನ್ನ ನಿಲ್ಲಿಸ್ರಿ, ಹಳೇ ಪೆಟ್ಟಿಗೆಯನ್ನ ಬೇರೆ ಕಡೆ ಸಾಗಿಸ್ರಿ.

ಏಳನೇದು ಸಣ್ಣ ಗುಟ್ಟು. ಲಿನಕ್ಸ್‌ನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಡಿಸ್ಕ್ ತಯಾರಿಸೋವಾಗ 5 ಪರ್ಸೆಂಟ್ ಜಾಗ ರೂಟ್ ಖಾತೆಗೆ ಅಂತ ಮೀಸಲಾಗಿರ್ತದೆ. 500 ಜಿಬಿಯಲ್ಲಿ ಅದು 25 ಜಿಬಿ. ಮೇಲ್ ಮಾತ್ರ ಇರೋ ಭಾಗದಲ್ಲಿ ಅಷ್ಟು ಮೀಸಲು ಬೇಡ, 'ಟ್ಯೂನ್2ಎಫ್‌ಎಸ್' ಅನ್ನೋ ಆದೇಶದಿಂದ ಕಮ್ಮಿ ಮಾಡಬಹುದು. ಮೇಲ್ ನಿಂತು ಹೋಗಿರೋ ದಿನ ಏನೂ ಅಳಿಸದೆ ಉಸಿರಾಡೋಕೆ ಜಾಗ ಸಿಗ್ತದೆ. ಆಮೇಲೆ ಸಮಾಧಾನದಿಂದ ಕೂತು ಯೋಚನೆ ಮಾಡಬಹುದು.

ಆ ಆಫೀಸಿನಲ್ಲಿ ಇವಿಷ್ಟರಿಂದಲೇ ಸೀಜನ್ ದಾಟೋಷ್ಟು ಜಾಗ ಬಂತು. ಚೀಲದ ಡಿಸೈನ್ ಒಂದೂ ಹೋಗಲಿಲ್ಲ.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು, ಇದನ್ನ ಗಮನ ಇಟ್ಟು ಕೇಳ್ರಿ. ಹಳೇ ಆಫೀಸುಗಳಲ್ಲಿ ಔಟ್‌ಲುಕ್ ಇನ್ನೂ ಪಾಪ್3 ಪದ್ಧತಿಯಲ್ಲೇ ಇರ್ತದೆ. 'ಸರ್ವರ್ ಮೇಲೆ ಒಂದು ಪ್ರತಿ ಬಿಡು' ಅನ್ನೋ ಆಯ್ಕೆಗೆ ಟಿಕ್ ಹಾಕಿರ್ತಾರೆ. ಅದರಿಂದ ಬಂದ ಮೇಲ್ ಎಲ್ಲಾ ಸರ್ವರ್ ಮೇಲೂ ಉಳೀತದೆ, ಕಂಪ್ಯೂಟರ್‌ನಲ್ಲೂ ಉಳೀತದೆ. ಡಿಸ್ಕ್ ತುಂಬೋಕೆ ಇದು ದೊಡ್ಡ ಕಾರಣ. ಆದ್ರೆ ನಾವು ಕಳಿಸಿದ ಮೇಲ್? ಪಾಪ್3 ಅದನ್ನ ಸರ್ವರ್‌ಗೆ ಹಾಕೋದೇ ಇಲ್ಲ. ಅದು ಆ ಒಂದು ಕಂಪ್ಯೂಟರ್‌ನ ಪಿಎಸ್‌ಟಿ ಫೈಲಿನಲ್ಲಿ ಮಾತ್ರ. ಖರೀದಿದಾರ ಕೇಳಿದ ದರ ಸರ್ವರ್ ಮೇಲೆ ಅದೆ, ನಾವು ಒಪ್ಪಿದ ದರ ಮುನೀಮರ ಟೇಬಲ್ ಕೆಳಗಿನ ಡಬ್ಬಿಯಲ್ಲಿ ಅದೆ. ನಾಳೆ ಸೌದಾದ ಬಗ್ಗೆ ತಕರಾರು ಬಂದ್ರೆ ಎರಡೂ ಬೇಕು. ನಮ್ಮೂರ ಬೇಸಿಗೆಯಲ್ಲಿ 42, 43 ಡಿಗ್ರಿ, ಬೇಳೆಯ ಧೂಳು, ಕರೆಂಟ್ ಹೋಗೋದು ಬರೋದು. ಆ ಡಬ್ಬಿಯ ಮೇಲೆ ಎಷ್ಟು ಭರವಸೆ ಇಡ್ತೀರಿ? ಮೊದಲು ಪಿಎಸ್‌ಟಿ ಫೈಲಿನ ನಕಲು ತೆಗೀರಿ, ಆಮೇಲೆ ಐಮ್ಯಾಪ್‌ಗೆ ಬದಲಾಯಿಸ್ರಿ. ಈ ಕ್ರಮ ತಪ್ಪಬಾರದು.

ಈಗ ಎಷ್ಟು ವರ್ಷ ಇಡಬೇಕು ಅನ್ನೋ ಪ್ರಶ್ನೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 36 ಪ್ರಕಾರ ಲೆಕ್ಕ ಮತ್ತು ದಾಖಲೆಗಳನ್ನ ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದ್ರೆ ಆ ವರ್ಷದ್ದು 2030ರ ಡಿಸೆಂಬರ್ 31ರವರೆಗೆ. ಆ ವರ್ಷದ ಮೇಲೆ ಮೇಲ್ಮನವಿ ನಡೀತಿದ್ರೆ, ಅದು ಇತ್ಯರ್ಥ ಆಗಿ ಒಂದು ವರ್ಷದವರೆಗೆ ಅಥವಾ ಈ 72 ತಿಂಗಳು, ಯಾವುದು ಆಮೇಲೆ ಬರ್ತದೋ ಅದು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ರೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 128 ಪ್ರಕಾರ 8 ಹಣಕಾಸು ವರ್ಷ. ಎಲ್ಲಾ ಮೇಲೂ ಲೆಕ್ಕದ ದಾಖಲೆ ಅಲ್ಲ, ನಿಜ. ಆದ್ರೆ ಬಿಲ್ಲಿಗೆ, ರಿಯಾಯಿತಿಗೆ, ಸೌದಾಕ್ಕೆ ಆಧಾರವಾಗಿ ನಿಂತ ಮೇಲನ್ನ ಅದರ ಬಿಲ್ಲಿನಷ್ಟೇ ವರ್ಷ ಇಡ್ರಿ. ಅದು ಸುಲಭದ ಲೆಕ್ಕ.

ಪ್ರಿಂಟ್ ತೆಗೆದು ಫೈಲ್ ಮಾಡಿದ್ರೆ ಆಗಲ್ವಾ ಅಂತ ಕೇಳ್ತಾರೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ ಸೆಕ್ಷನ್ 63 ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನ ಕೋರ್ಟಿಗೆ ಕೊಡೋವಾಗ ಒಂದು ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಬರೀಬೇಕು. ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟಿನ ಗುರುತು. ಒಳಗೆ ಒಂದು ಅಕ್ಷರ ಬದಲಾದ್ರೂ ಗುರುತು ಬೇರೆ ಆಗ್ತದೆ. ಕಾಗದಕ್ಕೆ ಆ ಗುರುತು ಇರಲ್ಲ. ಯಾವ ಸರ್ವರ್‌ನಿಂದ ಎಷ್ಟು ಹೊತ್ತಿಗೆ ಬಂತು ಅನ್ನೋ ತಲೆಬರಹವೂ ಸಾಮಾನ್ಯ ಪ್ರಿಂಟಿನಲ್ಲಿ ಬರಲ್ಲ. ಮೂಲ ಮೇಲ್ ಫೈಲೇ ಬೇಕು.

ಹಾಗಾದ್ರೆ ಮಾಡೋದು ಹೇಗೆ? ವರ್ಷಕ್ಕೊಂದು ಕಟ್ಟು ಮಾಡ್ರಿ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಮೇಲ್ ಕಟ್ಟೂ ಅದೇ ಥರ. ಎರಡು ವರ್ಷ ದಾಟಿದ ಕಟ್ಟನ್ನ ಸರ್ವರ್‌ನಿಂದ ಬೇರೆ ಡಿಸ್ಕಿಗೆ ನಕಲು ಮಾಡಿ, ಹ್ಯಾಶ್ ಬರೆದಿಟ್ಟು, ಎರಡನೇ ನಕಲನ್ನ ಅಂಗಡಿಯಿಂದ ಬೇರೆ ಕಡೆ ಇಡ್ರಿ. ಒಂದೇ ಡಬ್ಬಿಯಲ್ಲಿ ಜೋಡಿ ಡಿಸ್ಕ್ ಇದ್ರೆ ಅದು ಬ್ಯಾಕಪ್ ಅಂತ ಅನ್ಕೋಬ್ಯಾಡ್ರಿ, ಒಂದರಲ್ಲಿ ಅಳಿಸಿದ್ದು ಅದೇ ಕ್ಷಣಕ್ಕೆ ಎರಡನೇದರಲ್ಲೂ ಅಳೀತದೆ. ನಕಲಿನಿಂದ ಯಾವುದಾದ್ರೂ ಒಂದು ಹಳೇ ಮೇಲ್ ತೆರೆದು ಓದಿ ನೋಡ್ರಿ. ಓದೋಕೆ ಬಂದ ಮೇಲೇ ಸರ್ವರ್‌ನಿಂದ ತೆಗೀರಿ. ಡಿಸ್ಕ್ 80 ಪರ್ಸೆಂಟ್ ದಾಟಿದ್ರೆ ಎಸ್ಸೆಮ್ಮೆಸ್ ಬರೋ ಹಾಗೆ ಮಾಡಿಸ್ರಿ. ಎಚ್ಚರಿಕೆ ಮೇಲ್‌ನಲ್ಲೇ ಬರೋ ಹಾಗೆ ಇಟ್ರೆ, ಡಿಸ್ಕ್ ತುಂಬಿದ ದಿನ ಆ ಮೇಲೂ ಬರಲ್ಲ. ಮತ್ತೆ ತಿಂಗಳಿಗೊಂದು ದಿನ ಗೊತ್ತು ಮಾಡ್ರಿ. ಅಮವಾಸ್ಯೆಗೆ ಅಂಗಡಿ ಪೂಜೆ ಮಾಡ್ತೀರಲ್ಲ, ಅದೇ ದಿನ ಹುಡುಗ ಮತ್ತು ಮುನೀಮರು ಇಬ್ಬರೂ ಅರ್ಧ ಗಂಟೆ ಒಟ್ಟಿಗೆ ಕೂತ್ರೆ ಸಾಕು.

ಕೊನೆಗೆ, ಈ ಹಳೇ ಡಬ್ಬಿ ಎಷ್ಟು ದಿನ? ಇವುಗಳಲ್ಲಿ ಬಹಳಷ್ಟು ಸೆಂಟ್‌ಓಎಸ್ ಮೇಲೆ ಓಡ್ತವೆ. ಸೆಂಟ್‌ಓಎಸ್ 6ಕ್ಕೆ 2020ರ ನವೆಂಬರ್ 30ಕ್ಕೆ, 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗೀತು. ಅಂದ್ರೆ ಭದ್ರತೆಯ ಹೊಸ ತೇಪೆ ಬರಲ್ಲ. ಜಾಗ ಎಷ್ಟೇ ಮಾಡಿದ್ರೂ ಇದು ಮುಪ್ಪಿನ ಆರೈಕೆ, ಒಂದು ದಿನ ಬಾಡಿಗೆ ಮೇಲ್‌ಗೋ ಹೊಸ ಸರ್ವರ್‌ಗೋ ಹೋಗಲೇಬೇಕು. ಆದ್ರೆ ಹೋಗೋವಾಗ ಬೇಳೆ ಯಾವುದು, ಹೊಟ್ಟು ಯಾವುದು ಅಂತ ಕೇರಿಟ್ಟಿರಬೇಕು. ಇಲ್ಲಾಂದ್ರೆ ಹೊಟ್ಟಿಗೂ ಬಾಡಿಗೆ ಕಟ್ತೀರಿ, ಅವಸರದಲ್ಲಿ ಬೇಳೆ ಬಿಟ್ಟು ಬರ್ತೀರಿ.

ಆ ಮುನೀಮರಿಗೆ ಅರವತ್ತು ದಾಟಿದೆ ಅಂದೆ. ಯಾವ ಮೇಲ್ ಯಾವ ವ್ಯವಹಾರದ್ದು ಅನ್ನೋದು ಅವರ ತಲೆಯಲ್ಲಿದೆ. ಅವರು ಮನೆಯಲ್ಲಿ ಕೂತ ದಿನ ಸರ್ವರ್‌ನಲ್ಲಿ ಮೇಲ್ ಇರ್ತವೆ, ಅವುಗಳ ಅರ್ಥ ಹೇಳೋರು ಇರಲ್ಲ. ನಿಮ್ಮ ಅಂಗಡಿಯಲ್ಲೂ ಅಂಥವರು ಒಬ್ಬರು ಇದ್ರೆ, ಈ ಅಮವಾಸ್ಯೆಗೇ ಅವರ ಪಕ್ಕ ಕುರ್ಚಿ ಹಾಕ್ಕೊಂಡು ಕೂಡ್ರಿ, ಪಟ್ಟಿ ಬರ್ಕೊಳ್ರಿ.

ಇವತ್ತಿಗೆ ಇಷ್ಟೇ. ನಿಮ್ಮ ಆಫೀಸಿನ ಅನುಭವ ಇದ್ರೆ ದನಿ ಸಂದೇಶ ಕಳಿಸ್ರಿ. ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೀನ್ರಿ, ನಮಸ್ಕಾರ.